ಬಿಸ್ಕತ್ ಡಬ್ಬದ ಮಾತ್ರೆಗಳು

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮಂಡ್ಯದ ಒಂದು ಮೆಡಿಕಲ್ ಸ್ಟೋರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಯಾವ ಡಾಕ್ಟರು ಹೇಗೆ ಗೀಚಿದ್ದರೂ ಓದಿಬಿಡುತ್ತಿದ್ದೆ. ಆ ಜಂಬವನ್ನು ಮೆಲ್ಬರ್ನಿಗೂ ತಂದಿದ್ದೆ. ಡಾಕ್‌ಲ್ಯಾಂಡ್ಸ್‌ನ ಆಫೀಸುಗಳನ್ನು ಕ್ಲೀನ್ ಮಾಡುವುದು ನನ್ನ ಕೆಲಸ. ಆದರೆ ಬಾಕ್ಸ್ ಹಿಲ್‌ನ ನಮ್ಮ ಮನೆಯ ಬಿಸ್ಕತ್ ಡಬ್ಬದಿಂದಾಗಿ ಕನ್ನಡದ ಹುಡುಗರಿಗೆಲ್ಲ ನಾನು ಡಾಕ್ಟರ್ ಅಂಕಲ್. ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಾತ್ರೆ ತರುತ್ತಾರಲ್ಲ, ಡಬ್ಬದ ತುಂಬ ಅವೇ. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದವನೂ ಫೋನ್ ಮಾಡಿ, "ಅಂಕಲ್, ಯಾವ್ದು ನುಂಗ್ಲಿ?" ಎಂದು ಕೇಳುತ್ತಿದ್ದ.

ಆ ವರ್ಷ ನನ್ನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ಬಂದಳು. ಬಂದ ಮೂರನೇ ದಿನ ಜ್ವರ. ಕಣ್ಣುಗುಡ್ಡೆಯ ಹಿಂದೆ ನೋವು, ಮೂಳೆಯೆಲ್ಲ ಮುರಿದ ಹಾಗೆ.

"ಡಾಕ್ಟರ್ ಹತ್ರ ಹೋಗ್ಬರೋಣ ರೀ."

"ಹೋದ್ರೆ ಏನಂತಾರೆ? ಪ್ಯಾರಾಸಿಟಮಾಲ್ ನುಂಗಿ, ನೀರು ಕುಡಿ ಅಂತಾರೆ. ಅಷ್ಟಕ್ಕೆ ಅಪಾಯಿಂಟ್‌ಮೆಂಟ್ ಬೇರೆ! ಸುಮ್ಕೆ ಮಲ್ಕೊ."

ಡಬ್ಬದಿಂದ ಮೈಕೈ ನೋವಿನ ಜೋರು ಮಾತ್ರೆ ತೆಗೆದು ಕೊಟ್ಟೆ. ದಿನಕ್ಕೆ ಮೂರರಂತೆ ಮೂರು ದಿನ. ಐದನೇ ದಿನ ಜ್ವರ ಬಿಟ್ಟಿತು. "ನೋಡ್ದಾ?" ಎಂದು ಬೀಗಿದೆ. ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಕರೆದಳು. ಬೇಸಿನ್ನಿನ ತುಂಬ ರಕ್ತ. ಕಾಲ ಮೇಲೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ಎಲ್ಲಿಗೆ ಪ್ರಯಾಣ ಹೋಗಿದ್ದಿರಿ, ಸೊಳ್ಳೆ ಕಚ್ಚಿತ್ತೇ ಎಂದು. ರಕ್ತ ತೆಗೆದರು. ಡೆಂಗ್ಯೂ ಇರಬಹುದು, ಪ್ಲೇಟ್‌ಲೆಟ್ ತುಂಬ ಇಳಿದಿದೆ, ಜ್ವರ ಬಿಟ್ಟ ಮೇಲಿನ ಈ ಒಂದೆರಡು ದಿನವೇ ಅಪಾಯದ್ದು ಎಂದರು. ಆಮೇಲೆ ಕೇಳಿದರು: "ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಏನಾದರೂ?"

"ನೋ, ನೋ," ಎಂದೆ.

ಯಾಕೆ ಹಾಗೆಂದೆನೋ. ಹನ್ನೊಂದು ವರ್ಷ ಮಾತ್ರೆ ಮಾರಿದವನಿಗೆ ಈ ಜ್ವರಕ್ಕೆ ಯಾವ ಮಾತ್ರೆ ಕೊಡಬಾರದೆಂದು ಗೊತ್ತಿರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು.

ಡ್ರಿಪ್ ಹಾಕಿದರು. ಮಧ್ಯಾಹ್ನ ಮೂಗಿನಲ್ಲೂ ರಕ್ತ ಬಂದಾಗ ಡಾಕ್ಟರಮ್ಮ ಓಡಿಬಂದು ಅದನ್ನೇ ಮತ್ತೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತನ್ನ ಬಿ.ಎ. ಇಂಗ್ಲಿಷಿನಲ್ಲಿ, "ಇಂಡಿಯಾದ ಮಾತ್ರೆ, ನಾನೇ ತೆಗೆದುಕೊಂಡೆ, ಇವರಿಗೆ ಗೊತ್ತಿಲ್ಲ" ಎಂದಳು. ಮಾತ್ರೆಯ ಹೆಸರನ್ನೂ ಹೇಳಿದಳು. ಡಾಕ್ಟರಮ್ಮ ಮೆತ್ತಗೆ ಗದರಿದರು: ಈ ಜ್ವರದಲ್ಲಿ ಆ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಜೀವಕ್ಕೇ ಅಪಾಯ. ಹೆಂಡತಿ "ಸಾರಿ" ಅಂದಳು. ನಾನು ನೆಲ ನೋಡುತ್ತಿದ್ದೆ.

ಅವರು ಹೋದ ಮೇಲೆ, "ಯಾಕ್ ಹಂಗಂದೆ?" ಅಂದೆ.

"ನೀವು ಹೇಳಲ್ಲ ಅಂತ ಗೊತ್ತಿತ್ತು."

ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈ ಜ್ವರಕ್ಕೆಂದೇ ಬೇರೆ ಔಷಧಿ ಇರಲಿಲ್ಲ. ಡ್ರಿಪ್ಪು, ದಿನಕ್ಕೆರಡು ಸಲ ರಕ್ತಪರೀಕ್ಷೆ, ಮತ್ತೆ ನಾನು ಗೇಲಿ ಮಾಡಿದ್ದ ಅದೇ ನೀರು, ಅದೇ ಪ್ಯಾರಾಸಿಟಮಾಲ್. ಮೂರನೇ ದಿನ ಪ್ಲೇಟ್‌ಲೆಟ್ ಏರತೊಡಗಿತು. ಆರನೇ ದಿನ ಮನೆಗೆ ಬಂದೆವು. ಬಂದವನೇ ಡಬ್ಬ ಖಾಲಿ ಮಾಡಿದೆ. ಆಮೇಲೆ ಫೋನ್ ಮಾಡಿದವರಿಗೆಲ್ಲ, "ಡಾಕ್ಟರ್ ಹತ್ರ ಹೋಗಪ್ಪ," ಎನ್ನುತ್ತಿದ್ದೆ. "ಏನ್ ಅಂಕಲ್, ಪ್ರಾಕ್ಟೀಸ್ ನಿಲ್ಸಿಬಿಟ್ರಾ?" ಎಂದು ನಗುತ್ತಿದ್ದರು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

ಡಿಸ್ಚಾರ್ಜ್ ಕಾಗದ ಪಾಸ್‌ಪೋರ್ಟುಗಳ ಫೈಲಿನಲ್ಲಿ ಇಂದಿಗೂ ಇದೆ. ರೋಗಿಯು ವೈದ್ಯರನ್ನು ಕೇಳದೆ ತಾನಾಗಿಯೇ ಮಾತ್ರೆ ಸೇವಿಸಿದ್ದಾರೆ ಎಂದು ಅದರಲ್ಲಿದೆ. ಗೀಚಿದ್ದಲ್ಲ, ಟೈಪ್ ಮಾಡಿದ್ದು. ಎಂಟನೇ ಕ್ಲಾಸಿನವನೂ ಓದಬಹುದು.