ಸಮುದ್ರಕ್ಕೆ ಬೀಳುವ ಪರೀಕ್ಷಕ

ನನ್ನ ಗಂಡ ಡೆನ್ಜಿಲ್ ಟ್ರೆವಾಸ್ಕಿಸ್ ಮೂವತ್ತೊಂದು ವರ್ಷ ಸಾಲ್ಟಾಶ್ ಊರಿನವರ ಎದೆ ನಡುಗಿಸಿದವನು. ಪೊಲೀಸನಲ್ಲ, ಜಡ್ಜೂ ಅಲ್ಲ. ಡ್ರೈವಿಂಗ್ ಪರೀಕ್ಷೆ ಮಾಡುವವನು. ತೊಡೆಯ ಮೇಲೆ ಒಂದು ರಟ್ಟು, ರಟ್ಟಿನ ಮೇಲೊಂದು ಹಾಳೆ, ಕೈಯಲ್ಲಿ ಪೆನ್ನು. ಕಾರು ಪೂರಾ ನಿಲ್ಲದೆ ತಿರುಗಿತೋ, ಕಥೆ ಮುಗಿಯಿತು. ಪಾದ್ರಿಯ ಹೆಂಡತಿಯನ್ನು ನಾಲ್ಕು ಸಲ ಫೇಲು ಮಾಡಿದ್ದ. ಆಕೆ ಇವತ್ತಿಗೂ ಚರ್ಚಿನಲ್ಲಿ ನನಗೆ ಟೀ ಕೊಡುತ್ತಾಳೆ, ಬಿಸ್ಕತ್ತು ಕೊಡುವುದಿಲ್ಲ.

ನಿವೃತ್ತನಾದ ನಾಲ್ಕನೆಯ ವರ್ಷ ಅಂಗಡಿಯಲ್ಲಿ, ಬಟಾಣಿ ಡಬ್ಬಗಳ ಮುಂದೆ, ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದ. ಇನ್ನು ಕಾರು ಮುಟ್ಟಬೇಡಿ ಅಂದರು ಡಾಕ್ಟರು. ಲೈಸೆನ್ಸನ್ನು ಲಕೋಟೆಯಲ್ಲಿಟ್ಟು ತಾನೇ ಅಂಚೆಗೆ ಹಾಕಿ ಬಂದ. ನನಗಂತೂ ಕಾರು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವನೇ ಕಲಿಸಲು ಕೂತು, ಎರಡೇ ವಾರದಲ್ಲಿ ಆ ಆಸೆಯನ್ನು ಬೇರುಸಹಿತ ಕಿತ್ತಿದ್ದ. ಹೀಗಾಗಿ ಕಾರು ಶೆಡ್ಡಿನಲ್ಲಿ ಕೂತಿತು, ನಾವು ಬಸ್ಸಿನಲ್ಲಿ ಕೂತೆವು.

ಆಮೇಲೆ ಬಂತು ನೋಡಿ ವಿಮಾನ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟ. ಆಟ ಅಂದರೆ ಮುಖ ಊದಿಸಿಕೊಳ್ಳುತ್ತಾನೆ, ಸಿಮ್ಯುಲೇಟರ್ ಅನ್ನಬೇಕು. ಅದರಲ್ಲೂ ಇವನಿಗೆ ಬೇಕಾದದ್ದು ಹ್ಯಾರಿಯರ್: ಹಡಗಿನಿಂದ ಏಳುವ, ಮತ್ತೆ ಬಂದು ಗಾಳಿಯಲ್ಲೇ ನಿಂತು ನೆಟ್ಟಗೆ ಹಡಗಿಗೆ ಇಳಿಯುವ ಜೆಟ್. ನನ್ನ ಅಮ್ಮನ ಪಿಂಗಾಣಿ ಪಾತ್ರೆಗಳಿದ್ದ ಬೀರುವಿಗೆ ಎರಡು ಹಿಡಿಕೆ ತಿರುಪು ಹಾಕಿ ಕೂರಿಸಿದ. ಒಂದು ಎಂಜಿನ್ನಿಗೆ, ಇನ್ನೊಂದು ಎಂಜಿನ್ನಿನ ಗಾಳಿಯನ್ನು ನೆಲಕ್ಕೆ ತಿರುಗಿಸಿ ವಿಮಾನವನ್ನು ತೇಲಿಸುವುದಕ್ಕೆ. ಪಾತ್ರೆಗಳು ಮಂಚದ ಕೆಳಗೆ ಹೋದವು. ಇದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಇವನಂಥವರೇ ಹನ್ನೆರಡು ಜನ ಸೇರಿದ ಒಂದು ದಳ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ತಂತಮ್ಮ ಮನೆಗಳಲ್ಲೇ ಕೂತು ಒಂದೇ ಸಮುದ್ರದ ಮೇಲೆ ಹಾರುತ್ತಾರೆ. ಎಲ್ಲರಿಗೂ ನೌಕಾಪಡೆಯ ಪದವಿ. ಪಿಯಾನೋ ಶ್ರುತಿ ಮಾಡುವ ಬೋಳುತಲೆಯ ಮುದುಕ ಲೆಫ್ಟಿನೆಂಟು. ಇವರಿಗೆಲ್ಲ ಕಮಾಂಡರ್ ಟ್ಯಾಮ್ಸಿನ್ ಹಾಸ್ಕಿನ್, ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಹುಡುಗಿ. ಹಡಗಿನ ಮೇಲೆ ವಿಮಾನವನ್ನು ಹೂವಿನ ಹಾಗೆ ಇಳಿಸುತ್ತಾಳಂತೆ. ಡೆನ್ಜಿಲ್ ಒಂದು ಕಾಲದಲ್ಲಿ ಐದು ಸಲ ಫೇಲು ಮಾಡಿದ ಹುಡುಗಿಯೂ ಅವಳೇ.

ಅವರದೊಂದು ಪದ್ಧತಿ ಉಂಟು. ಯಾರಾದರೂ ಹಡಗು ತಪ್ಪಿ ಸಮುದ್ರಕ್ಕೆ ಬಿದ್ದರೆ ಉಳಿದವರೆಲ್ಲ ತಂತಮ್ಮ ಮನೆಯಲ್ಲಿ ಎದ್ದು ನಿಂತು ಹತ್ತು ಸೆಕೆಂಡು ಮೌನ ಆಚರಿಸುತ್ತಾರೆ. ಆಮೇಲೆ ಸತ್ತವನು ಗಂಟಲು ಸರಿಮಾಡಿಕೊಂಡು ಕ್ಷಮೆ ಕೇಳುತ್ತಾನೆ. ಡೆನ್ಜಿಲ್‌ಗಾಗಿ ಅವರು ನಿಂತೂ ನಿಂತೂ ಮಂಡಿನೋವು ತರಿಸಿಕೊಂಡರು. ಇವನೂ ತನ್ನ ಸಾವಿಗೆ ತಾನೇ ಎದ್ದು ನಿಲ್ಲುತ್ತಾನೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವನು ಬೀಳುವುದು ನೀರಿಗೆ. ಮಣ್ಣಿನ ಮಾತೇ ಇಲ್ಲ.

ಬೀಳುವುದೇಕೆ ಅಂದರೆ ಹಳೆಯ ಚಾಳಿ. ಹಡಗಿನ ಎಡಕ್ಕೆ ಬಂದು, ಅದು ಹೋಗುವಷ್ಟೇ ವೇಗದಲ್ಲಿ ಜೊತೆಜೊತೆಗೆ ತೇಲುತ್ತಾ, ಮೆಲ್ಲಗೆ ಪಕ್ಕಕ್ಕೆ ಸರಿದು ಇಳಿಯಬೇಕು. ಇವನು ಹಡಗಿನ ಪಕ್ಕಕ್ಕೆ ಬಂದವನೇ ಗಾಳಿಯಲ್ಲಿ ಪೂರಾ ನಿಲ್ಲುತ್ತಾನೆ. ನಿಲ್ಲಿಸಿ, ಕನ್ನಡಿ ನೋಡಿ, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಆಮೇಲೆ ಸರಿಯುತ್ತಾನೆ. ಅಷ್ಟು ಹೊತ್ತಿಗೆ ಹಡಗು ಮುಂದೆ ಹೋಗಿರುತ್ತದೆ. ತೇಲುವಾಗ ಎಂಜಿನ್ನನ್ನು ತಂಪಾಗಿಡುವ ನೀರು ಒಂದೂವರೆ ನಿಮಿಷಕ್ಕೆ ಮಾತ್ರ ಸಾಕು. ನೀರು ಮುಗಿಯಿತು, ಇವನು ಮುಳುಗಿದ.

ದಳಕ್ಕೆ ಸೇರಿದ ತಿಂಗಳಲ್ಲೇ ಯಾರೂ ಕೇಳದಿದ್ದರೂ ಮೂವತ್ತನಾಲ್ಕು ಪುಟದ ನಿಯಮಾವಳಿ ಬರೆದುಕೊಟ್ಟಿದ್ದ. ಹಡಗಿಗೆ ಇಳಿಯುವ ಪರೀಕ್ಷೆ ಪ್ರತಿಯೊಬ್ಬರಿಗೂ ಕಡ್ಡಾಯ, ಪರೀಕ್ಷೆ ಮಾಡುವವರು ಕಮಾಂಡರ್. ಅವಕಾಶ ನಾಲ್ಕೇ. ನಾಲ್ಕರಲ್ಲೂ ಬಿದ್ದವನು ವಿಮಾನ ಬಿಟ್ಟು, ಹಡಗಿನ ಅಟ್ಟದ ಮೇಲೆ ನಿಂತು ಇಳಿಯುವವರಿಗೆ ಕೈಬೀಸಬೇಕು. ಮಾಡಿದ್ದುಣ್ಣೋ ಮಾರಾಯ ಅನ್ನುವಂತೆ ಹನ್ನೆರಡು ಜನರಲ್ಲಿ ಮೂರು ಅವಕಾಶ ಕಳೆದುಕೊಂಡವನು ಇವನೊಬ್ಬನೇ.

ನಾಲ್ಕನೆಯ ಪರೀಕ್ಷೆಯ ಭಾನುವಾರ ಕುರಿಮಾಂಸ ಹುರಿದಿದ್ದೆ. ಆಲೂಗೆಡ್ಡೆ ಬಿಟ್ಟು ಡೆನ್ಜಿಲ್ ಏನನ್ನೂ ಮುಟ್ಟಲಿಲ್ಲ. ಮುಳುಗುವವನಿಗೆ ಹೊಟ್ಟೆ ತುಂಬಿದ್ದರೆ ತಾನೇ ಭಾರ ಅಂತ ಕಿಚಾಯಿಸಿದೆ. ಅವನು ನಗಲಿಲ್ಲ.

"ಇದೂ ಹೋದ್ರೆ ನಂಗೆ ಕೂರೋಕೆ ಒಂದ್ ಸೀಟೂ ಇರಲ್ಲ ಕಣೆ, ಬೆರಿಲ್" ಅಂದ.

ಇಷ್ಟು ದಿನ ಬೀರು ಹಾಳಾಯಿತೆಂದು ಗೊಣಗಿದ್ದೇ ಗೊಣಗಿದ್ದು. ಲಕೋಟೆ ಹಿಡಿದು ಅಂಚೆಪೆಟ್ಟಿಗೆಗೆ ನಡೆದು ಹೋದವನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ತಟ್ಟೆ ಎತ್ತದೆ ಅವನ ಹಿಂದೆ ಹೋಗಿ ಕೂತೆ.

ಕಿವಿಯಲ್ಲಿಟ್ಟ ಶ್ರವಣಯಂತ್ರ ಕೀಂಯ್‌ಗುಡುತ್ತದೆಂದು ಅವನು ತಲೆಗೆ ಹೆಡ್‌ಫೋನು ಹಾಕುವುದಿಲ್ಲ, ಎಲ್ಲರ ಮಾತೂ ಸ್ಪೀಕರಿನಲ್ಲೇ ಬರುತ್ತದೆ. ಪರೀಕ್ಷೆಯ ನಡುವೆ ಯಾರೂ ಉಸಿರೆತ್ತಬಾರದೆಂಬುದೂ ಅವನದೇ ನಿಯಮ. ಹಡಗು ಕಂಡಿತು. ಎಡಕ್ಕೆ ಬಂದ. ಪಕ್ಕಕ್ಕೆ ಬಂದ. ಅಯ್ಯೋ ನಮ್ಮಪ್ಪ, ನಿಂತ. ಕನ್ನಡಿ ನೋಡಿದ. ಹಡಗು ಮುಂದಕ್ಕೆ ಜಾರತೊಡಗಿತು. ಯಾರೋ ಒಬ್ಬರು ಮೌನಾಚರಣೆಗೆ ಕುರ್ಚಿ ಹಿಂದೆ ತಳ್ಳಿದ ಸದ್ದು ಸ್ಪೀಕರಿನಲ್ಲಿ ಕೇಳಿತು.

"ಮಿಸ್ಟರ್ ಟ್ರೆವಾಸ್ಕಿಸ್, ನಿಲ್ಲಬೇಡಿ" ಅಂದಳು ಟ್ಯಾಮ್ಸಿನ್. "ಹಡಗು ನಿಮಗೋಸ್ಕರ ಕಾಯಲ್ಲ. ಅದರ ಜೊತೆ ನಡೀರಿ."

"ಪರೀಕ್ಷಕರು ಮಾತಾಡಬಾರದು. ನಿಯಮ ಹತ್ತೊಂಬತ್ತು."

"ನಿಯಮ ನೀರಿಗೆ ಬೀಳ್ಲಿ. ನೀವು ಬೀಳಬೇಡಿ."

ಡೆನ್ಜಿಲ್ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದ. ಮೆಲ್ಲಗೆ ಮುಂದಕ್ಕೆ ತಳ್ಳಿದ. ವಿಮಾನ ಹಡಗನ್ನು ಹಿಡಿಯಿತು, ಅದರ ಸರಿಸಮಕ್ಕೆ ಸಾಗಿತು. ಕೆಳಗೆ ನೋಡಬೇಡಿ, ಹಡಗಿನ ಗೋಪುರ ನೋಡಿ ಅಂತ ಅವಳು ಮಗುವಿಗೆ ಹೇಳುವ ಹಾಗೆ ಹೇಳುತ್ತಲೇ ಇದ್ದಳು. ಇವನು ಪಕ್ಕಕ್ಕೆ ಸರಿದ. ಧೊಪ್ಪೆಂದು ಇಳಿದ. ನೀರಲ್ಲ, ಕಬ್ಬಿಣ. ಹನ್ನೊಂದು ಮನೆಗಳಿಂದ ಕೇಕೆ ಬಂತು. ನಾನೂ ಕಿರುಚಿದೆ, ಸುಳ್ಳೇಕೆ ಹೇಳಲಿ.

ಡೆನ್ಜಿಲ್ ಮಾತ್ರ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಪರೀಕ್ಷಕರು ಹೇಳಿಕೊಟ್ಟಿದ್ದರಿಂದ ಇದು ಲೆಕ್ಕಕ್ಕಿಲ್ಲ, ತನ್ನನ್ನು ಫೇಲು ಮಾಡಲೇಬೇಕೆಂದು ಹಠ ಹಿಡಿದ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲುವ ಈ ಮನುಷ್ಯನನ್ನು ಕಟ್ಟಿಕೊಂಡು ನಾನು ನಲವತ್ತು ವರ್ಷ ಬಾಳಿದ್ದೇನೆ.

ಪಾಸೆಂದು ಬರೆದಾಯ್ತು ಅಂದಳು ಟ್ಯಾಮ್ಸಿನ್. ನಿನ್ನ ಜಾಗದಲ್ಲಿ ನಾನಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಅಂದ ಇವನು.

"ಗೊತ್ತು. ಐದು ಸಲ ಬರೀಲಿಲ್ಲ ನೀವು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಟ್ರೂರೋ ಊರಿಗೆ ಹೋಗಿ, ಬೇರೆ ಪರೀಕ್ಷಕರ ಹತ್ರ ಒಂದೇ ಸಲಕ್ಕೆ ಪಾಸಾದೆ. ನಂಗೆ ಕಾರು ಬರ್ತಿತ್ತು, ಮಿಸ್ಟರ್ ಟ್ರೆವಾಸ್ಕಿಸ್. ನೀವು ಪಕ್ಕದಲ್ಲಿ ಕೂತ್ರೆ ಬ್ರೇಕ್ ಯಾವುದು ಅನ್ನೋದೇ ಮರೆತುಹೋಗ್ತಿತ್ತು."

ಡೆನ್ಜಿಲ್ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ. ಹೆಂಡತಿಯಾದವಳು ಅಂಥ ಹೊತ್ತಿನಲ್ಲಿ ಗಂಡನ ಪರ ನಿಲ್ಲಬೇಕು, ಹೌದು.

"ನಂಗೂ ಅಷ್ಟೇ" ಅಂದೆ.

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದ. ಮಳೆಗಾಳಿಯಲ್ಲಿ ಬಸ್ಸಿಗೆ ಕಾದ ಅಷ್ಟೂ ವರ್ಷಗಳ ಸಿಟ್ಟು ಒಟ್ಟಿಗೆ ಉಕ್ಕಿ ಬಂತು; ಹೇಳುವುದಕ್ಕೆ ಬಿಟ್ಟಿದ್ದರೆ ತಾನೇ ಅಂದು ಅತ್ತುಬಿಟ್ಟೆ.

ಶೆಡ್ಡಿನ ಕಾರಿಗೆ ಅವನೇ ಗಾಳಿ ತುಂಬಿಸಿ, ಒರೆಸಿ, ಕಲಿಯುವವರ ಕೆಂಪಕ್ಷರದ ಫಲಕ ಅಂಟಿಸಿದ. ಮಂಗಳವಾರ ಶಾಲೆ ಮುಗಿಸಿಕೊಂಡು ಟ್ಯಾಮ್ಸಿನ್ ನನಗೆ ಕಾರು ಕಲಿಸಲು ಬಂದಳು. ಅರವತ್ತಾರರ ನಾನು ಸ್ಟಿಯರಿಂಗ್ ಹಿಡಿದು ಕೂತೆ, ಅವಳು ಪಕ್ಕಕ್ಕೆ ಕೂತಳು. ಡೆನ್ಜಿಲ್ ಗೇಟಿನವರೆಗೆ ಬಂದ. ಕಾರಿನ ಕನ್ನಡಿಯತ್ತ ಬೆರಳು ತೋರಿಸಲು ಹೋದವನು ಕೈಯನ್ನು ಜೇಬಿಗಿಟ್ಟುಕೊಂಡ. ಕಾರು ಕುಲುಕಿ ಮುಂದಕ್ಕೆ ಹೋಯಿತು. ರಸ್ತೆಯ ತಿರುವು ಬರುವುದರೊಳಗೆ ಅವನು ಬೆನ್ನು ತಿರುಗಿಸಿ, ತಾನು ನೋಡಿದರೆ ನನಗೆ ಬ್ರೇಕ್ ಮರೆತೀತೆಂದು ನನ್ನನ್ನು ನೋಡದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.