ಸಕಿಯಾಸಿಯ ಬಟ್ಟಲು ಮರಳಿಸಿದವಳು

ದ್ವೀಪದೇಶದ ರಾಜಧಾನಿ ಸುವಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉನೈಸಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಕಿವಿಗೆ ಸಿಕ್ಕಿಸಿಕೊಂಡ ದಾಸವಾಳವನ್ನು ತೆಗೆದು ಕಿಟಕಿಯ ಲೋಟಕ್ಕೆ ಹಾಕುತ್ತಾಳೆ. ಎರಡು ಜೊತೆ ಕೈಗವಸು ತೊಡುತ್ತಾಳೆ. ದೋಣಿಯಿಂದ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ತಂದ ವಿಲಿಕೆಸ ಹೊರಗೇ ನಿಂತಿದ್ದಾನೆ. ಇಬ್ಬರ ಊರಿನವರಿಗೂ ಅಜ್ಜಂದಿರ ಕಾಲದಿಂದ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕಿದೆ. ಅವನು ಅದನ್ನು ಒಂದು ದಿನವೂ ಬಿಟ್ಟುಕೊಟ್ಟವನಲ್ಲ.

"ನಿಮ್ಮೂರೋರಿಗೆ ಮೀನು ಹಿಡಿಯೋಕೆ ಬರಲ್ಲ. ಅದಕ್ಕೇ ಕಣ್ಣಿಗೆ ಕಾಣದ್ದನ್ನ ಹಿಡಿಯೋಕೆ ಹೊರಟಿದೀಯ!"

"ನಿಮ್ಮೂರೋರು ಹಿಡಿದ ಮೀನೂ ಯಾರ ಕಣ್ಣಿಗೂ ಕಂಡಿಲ್ಲ ಬಿಡೋ. ಪೆಟ್ಟಿಗೆ ಇಡು, ಮಂಜು ಕರಗ್ತಿದೆ."

ಪೆಟ್ಟಿಗೆಯಲ್ಲಿರುವುದು ದ್ವೀಪಗಳ ರೋಗಿಗಳ ಮೂಗಿನಿಂದ ತೆಗೆದ ಮಾದರಿಗಳು. ಕೊರೊನಾ ವೈರಸ್ಸಿನ ವಂಶವಾಹಿಯನ್ನು ಸುಮಾರು ಮೂವತ್ತು ಸಾವಿರ ಅಕ್ಷರಗಳ ಬರಹ ಎಂದುಕೊಳ್ಳಿ. ಒಬ್ಬರಿಂದೊಬ್ಬರಿಗೆ ದಾಟುವಾಗ ಅದರಲ್ಲಿ ಆಗೊಮ್ಮೆ ಈಗೊಮ್ಮೆ ಒಂದಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಓದಿ, ಯಾವ ವೈರಸ್ ಯಾವುದರ ಸಂತಾನ ಎಂದು ತಿಳಿಯುವುದು ಉನೈಸಿಯ ಕೆಲಸ. ಗಾಜಿನ ಸಾಮಾನು ತೊಳೆಯಲು ಸೇರಿದವಳು ನೋಡುತ್ತ, ಕೇಳುತ್ತ ಕಲಿತಳು. ಊರು ಬಾಗಿಲು ಹಾಕಿಕೊಂಡ ದಿನಗಳಲ್ಲಿ ಇಲ್ಲೇ ಮಲಗುತ್ತಿದ್ದಳು. ಮಗಳು ಬೇಲಿಯಾಚೆಯಿಂದ ಬೇಯಿಸಿದ ಕೆಸುವಿನ ಗೆಡ್ಡೆ ತೋರಿಸಿ, "ಅಮ್ಮಾ, ಉಪ್ಪು ಹಾಕಿದೀನಿ!" ಎಂದು ಕೂಗುತ್ತಿದ್ದಳು. "ಆ ಉಪ್ಪು ಈಗಲೂ ನಾಲಿಗೆ ಮೇಲಿದೆ" ಎನ್ನುತ್ತಾಳೆ ಉನೈಸಿ.

ಕಳೆದ ತಿಂಗಳು ಇಂಥದೇ ಪೆಟ್ಟಿಗೆಯಲ್ಲಿ ಒಬ್ಬನ ಮಾನ ಬಂದಿತ್ತು. ಸಕಿಯಾಸಿ ಸುವಾದಿಂದ ತನ್ನ ದ್ವೀಪಕ್ಕೆ ಅಕ್ಕಿ, ಸೀಮೆಎಣ್ಣೆ ಸಾಗಿಸುವ ದೋಣಿಯವನು. ಊರಲ್ಲಿ ಕಾಯಿಲೆ ಹಬ್ಬಿ ಮುಖಂಡನ ತಾಯಿ ತೀರಿಕೊಂಡಾಗ, ಪೇಟೆಯಿಂದ ತಂದವನು ಅವನೇ ಎಂದು ಎಲ್ಲರೂ ಬೆರಳು ತೋರಿದರು. ಅವನು ಪದ್ಧತಿಯಂತೆ ತಿಮಿಂಗಿಲದ ಹಲ್ಲು ಹಿಡಿದು ಮಂಡಿಯೂರಿ ಕ್ಷಮೆ ಬೇಡಿದ. ಕ್ಷಮಿಸಿದೆವು ಅಂದರು. ಆದರೆ ಕಾಯಿಲೆ ಇಳಿದು ಊರವರೆಲ್ಲ ಮತ್ತೆ ಚಾಪೆಯ ಮೇಲೆ ಸುತ್ತ ಕೂತು, ಬೇರಿನ ಪಾನೀಯವಾದ ಕಾವಾವನ್ನು ಒಂದೇ ಬಟ್ಟಲಲ್ಲಿ ಸರದಿಯಂತೆ ಕುಡಿಯುವಾಗ ಬಟ್ಟಲು ಅವನನ್ನು ದಾಟಿ ಮುಂದೆ ಹೋಯಿತು. ಅವನು ಚಾಪೆಗೆ ಬರುವುದನ್ನೇ ಬಿಟ್ಟ.

ಆ ದ್ವೀಪದ ಮಾದರಿಗಳು ದೋಣಿ ಸಿಗದೆ ತಡವಾಗಿ, ಮಂಜು ಕರಗಿ ಬಂದಿದ್ದವು. ಸಕಿಯಾಸಿಯ ಮಾದರಿಯಲ್ಲಿದ್ದ ವೈರಸ್ಸಿನ ಬರಹವಂತೂ ಚಿಂದಿಯಾಗಿತ್ತು. ಅವನ ಒಪ್ಪಿಗೆ ಪಡೆದು ಅಲ್ಲಿನ ನರ್ಸ್ ಫೋನಿನಲ್ಲಿ ಬೇಡಿಕೊಂಡಳು: "ಅಕ್ಕಾ, ಇದೊಂದನ್ನ ಎಸೀಬೇಡ."

ಎರಡು ಸಲ ಓದಿದರೂ ಸಿಕ್ಕಲಿಲ್ಲ. ಚಾಪೆ ಹೆಣೆಯುವ ತಾಯಿಯ ಮಗಳು ಉನೈಸಿ. "ಹರಿದ ಚಾಪೆ ಕೈಗೆ ಬಂದ್ರೆ ಅಮ್ಮ ಬೈತಿರಲಿಲ್ಲ. ಉಳಿದ ಎಳೆ ಎಲ್ಲಿದೆ ನೋಡು ಅಂತಿದ್ರು." ಮೂರನೆಯ ಸಲ ಸಾಕಷ್ಟು ಎಳೆಗಳು ಸಿಕ್ಕವು. ಆಗ ಸುವಾದಲ್ಲಿ ಹರಡಿದ್ದ ವೈರಸ್ಸೇ ಬೇರೆ ಕವಲಿನದು. ಸಕಿಯಾಸಿಯ ಊರಿನ ಉಳಿದವರದು ಮತ್ತೊಂದು ಕವಲು. ಸಕಿಯಾಸಿಯಲ್ಲಿದ್ದದ್ದು ಊರಿನದೇ, ಅದರ ಮೇಲೆ ಇನ್ನೊಂದು ಅಕ್ಷರ ಬದಲಾಗಿತ್ತು, ಅಂದರೆ ಅದು ಊರಿನ ವೈರಸ್ಸಿನ ಸಂತಾನ. ಅವನು ಊರಿಗೆ ತಂದಿರಲಿಲ್ಲ, ಊರೇ ಅವನಿಗೆ ಕೊಟ್ಟಿತ್ತು.

"ಹಾಗಾದ್ರೆ ತಂದೋರು ಯಾರು?" ನರ್ಸ್ ಕೇಳಿದಳು.

"ಅದನ್ನ ಕೇಳಬೇಡ ತಂಗಿ. ಇವನಲ್ಲ ಅಂತ ಹೇಳಬಲ್ಲೆ. ಇನ್ನೊಬ್ಬನನ್ನ ಚಾಪೆಯಿಂದ ಎಬ್ಬಿಸೋಕೆ ನಾನು ಓದಿಲ್ಲ."

ಸುದ್ದಿ ತಲುಪಿದ ಮೇಲೆ ಮುಖಂಡನೇ ತಿಮಿಂಗಿಲದ ಹಲ್ಲು ಹಿಡಿದು ಸಕಿಯಾಸಿಯ ಹೊಸ್ತಿಲಿಗೆ ಹೋದನಂತೆ. ಮಂಡಿಯೂರಿ ಅದನ್ನು ಅವನ ಮುಂದಿಟ್ಟನಂತೆ. ಪ್ರಯೋಗಾಲಯಕ್ಕೆ ಒಂದು ಚೀಲ ಕೆಸುವಿನ ಗೆಡ್ಡೆ ಬಂತು, ಕಳಿಸಿದವರ ಹೆಸರಿರಲಿಲ್ಲ. ಉನೈಸಿ ಸಕಿಯಾಸಿಯ ಮುಖ ಇಂದಿಗೂ ಕಂಡಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ದ್ರವದ ಹನಿ ಎತ್ತುವ ಪಿಪೆಟ್ ಒತ್ತಿ ಒತ್ತಿ ಜಡ್ಡುಗಟ್ಟಿದ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಾಳೆ.

"ಒಂದ್ಸಲ ಆ ಊರಿಗೆ ಹೋಗಬೇಕು. ನಾನ್ಯಾರು ಅಂತ ಯಾರೂ ಹೇಳೋದು ಬೇಡ. ಚಾಪೆಯ ಕೊನೇಲಿ ಕೂತಿರ್ತೀನಿ. ಬಟ್ಟಲು ಅವನ ಹತ್ರ ಬಂದು ನಿಲ್ಲೋದನ್ನ ಕಣ್ಣಾರೆ ನೋಡಿದ್ರೆ ಸಾಕು."