ಸೂಟ್‌ಕೇಸಿನ ತುಂಬಾ ಕವರು

ಕೀನ್ಯಾಕ್ಕೆ ಹೋಗಿ ಕಡಲಾಮೆಯ ಮರಿಗಳು ಸಮುದ್ರ ಸೇರೋವರೆಗೂ ಕಾವಲು ಕಾಯೋ ಟ್ರಿಪ್ಪದು. ನಾವು ಎಂಟೇ ಜನ. ಹೊರಡೋ ಹಿಂದಿನ ವಾರ ನಮ್ಮ ಲೀಡರ್ ರೂತ್, ಸ್ಯಾನ್ ಡಿಯಾಗೋದ ತಮ್ಮ ಮನೆಗೆ ಎಲ್ಲರನ್ನೂ ಲಗೇಜ್ ಸಮೇತ ಕರೆದರು. ಆ ದೇಶದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಂತೆ, ಅದಕ್ಕೇ ತಪಾಸಣೆ.

ನನ್ನ ಸೂಟ್‌ಕೇಸ್ ತೆರೆದರು. ಚಪ್ಪಲಿ ಒಂದು ಕವರಿನಲ್ಲಿ, ಚಟ್ನಿಪುಡಿ ಎರಡರಲ್ಲಿ, ಎಣ್ಣೆ ಬಾಟಲಿ ಮೂರರಲ್ಲಿ. ಕೊನೆಗೆ ತೆಗೆದ ಕವರಿನೊಳಗೆ ಬರೀ ಮಡಚಿಟ್ಟ ಕವರುಗಳು.

"ಇವು ಯಾಕೆ?"

"ಬೇಕಾಗಬಹುದು, ಇರಲಿ ಅಂತ," ಅಂದೆ.

ಆಮೆಗಳು ಕವರನ್ನೇ ಆಹಾರ ಅಂದುಕೊಂಡು ನುಂಗಿ ಸಾಯುತ್ತವೆ ಅಂತ ಆಗಷ್ಟೇ ಹೇಳಿದ್ದರು. ಏಳೂ ಜನ ನನ್ನನ್ನೇ ನೋಡುತ್ತಿದ್ದರು. ಈ ಟ್ರಿಪ್ಪಿಗೆ ಅಂತಲೇ ಎರಡು ವರ್ಷ ರಜೆ ಕೂಡಿಟ್ಟವಳು ನಾನು. ಇನ್ನು ನನ್ನನ್ನು ಕೈಬಿಟ್ಟರು ಅಂತಲೇ ಅಂದುಕೊಂಡೆ.

ರೂತ್ ಒಂದು ಕವರನ್ನು ಬೆಳಕಿಗೆ ಹಿಡಿದರು. ಅದರ ಮೇಲಿನ ಅಂಗಡಿ ಹೆಸರು ಪೂರ್ತಿ ಅಳಿಸಿಹೋಗಿತ್ತು.

"ಎಷ್ಟು ಹಳೇದಿದು?"

"ಮಗಳು ಹುಟ್ಟಿದಾಗಿನದು. ಈಗವಳು ಕಾಲೇಜಿನಲ್ಲಿದ್ದಾಳೆ. ತೊಳೆದು ಒಣಗಿಸಿ ಮತ್ತೆ ಬಳಸ್ತೀನಿ."

ರೂತ್ ಜೋರಾಗಿ ನಕ್ಕರು. "ಒಂದೂ ಕವರನ್ನ ಸಮುದ್ರಕ್ಕೆ ಬಿಡದವರು ಇಲ್ಲಿ ನೀವೊಬ್ಬರೇ ಇರಬೇಕು! ಇವನ್ನೆಲ್ಲ ಇಲ್ಲೇ ಬಿಟ್ಟು ಬನ್ನಿ, ಸಾಕು."

ಹೋದ ಜೀವ ಬಂದಂತಾಯಿತು. ಕವರುಗಳನ್ನು ಅವರ ಮನೆಯಲ್ಲೇ ಬಿಟ್ಟು, ಹಳೇ ಕಾಟನ್ ಸೀರೆ ಹರಿದು ಸಾಮಾನನ್ನೆಲ್ಲ ಅದರಲ್ಲಿ ಗಂಟು ಕಟ್ಟಿಕೊಂಡು ಹೋದೆ. ಮರಿಗಳು ಪುಟುಪುಟು ಅಂತ ನೀರಿಗಿಳಿಯೋದನ್ನ ಕಣ್ತುಂಬ ನೋಡಿದೆ.

ವಾಪಸ್ ಬಂದ ಮರುದಿನವೇ ರೂತ್ ಮನೆಗೆ ಹೋದೆ, ಥ್ಯಾಂಕ್ಸ್ ಹೇಳೋಕೆ ಅಂತ. ನಾನು ಬಾಯಿ ತೆಗೆಯೋ ಮೊದಲೇ ಅವರು ನನ್ನ ಕವರುಗಳ ಕಟ್ಟನ್ನು ಕೈಗಿಟ್ಟರು.